ಹೊಲಿಗೆ ಮಾದರಿಯ ಹೊಂದಾಣಿಕೆ

ಹೊಲಿಗೆ ಮಾದರಿಯ ಹೊಂದಾಣಿಕೆ ಎಂದರೆ ಸಿದ್ಧ ಅಳತೆಗೆ ಬರೆದ ಉಡುಪಿನ ಕಾಗದದ ಮಾದರಿಯನ್ನು, ಬಟ್ಟೆ ಕತ್ತರಿಸುವ ಮೊದಲೇ, ಉಡುಪನ್ನು ತೊಡುವ ವ್ಯಕ್ತಿಯ ಮೈಯಳತೆಗೆ ತಕ್ಕಂತೆ ತಿದ್ದಿಕೊಳ್ಳುವ ಕ್ರಮ. ಮಾದರಿಯನ್ನು ಪ್ಯಾಟರ್ನ್ ಎಂದೂ, ಹೊಲಿಗೆ ತರಗತಿಗಳಲ್ಲಿ ಪೇಪರ್ ಕಟಿಂಗ್ ಎಂದೂ ಕರೆಯುವುದುಂಟು. ಮಾರಾಟಕ್ಕೆ ಬರುವ ಅಥವಾ ಪುಸ್ತಕಗಳಲ್ಲಿ ಅಚ್ಚಾಗುವ ಮಾದರಿಗಳು ಒಂದು ಸರಾಸರಿ ದೇಹವನ್ನು ಕಲ್ಪಿಸಿಕೊಂಡು ಬರೆದವು. ಎಲ್ಲ ಅಳತೆಗಳಲ್ಲೂ ಆ ಸರಾಸರಿಗೆ ಸರಿಹೊಂದುವ ದೇಹ ವಿರಳ. ಆದ್ದರಿಂದ ಉಡುಪು ಮೈಗೆ ಕೂರದಿದ್ದಾಗ ತಿದ್ದಬೇಕಾದದ್ದು ಮಾದರಿಯನ್ನೇ ಹೊರತು ಅದರಿಂದ ಮೈಯಲ್ಲಿ ದೋಷವಿದೆ ಎಂದಾಗುವುದಿಲ್ಲ.

ಹೊಂದಾಣಿಕೆಯನ್ನು ಕಾಗದದ ಮೇಲೆ ಮಾಡುವುದಕ್ಕೆ ಮುಖ್ಯ ಕಾರಣ, ಕತ್ತರಿಸಿದ ಬಟ್ಟೆಯನ್ನು ಮತ್ತೆ ಹಿಗ್ಗಿಸಲು ಬಾರದಿರುವುದು. ಕಾಗದವನ್ನು ಸೀಳಬಹುದು, ಅಂಟಿಸಬಹುದು, ತಪ್ಪಿದರೆ ಎಸೆದು ಇನ್ನೊಂದನ್ನು ಬರೆಯಬಹುದು. ಸೀರೆಯ ಜೊತೆಗೆ ಬರುವ ರವಿಕೆಯ ಬಟ್ಟೆ ಸಾಮಾನ್ಯವಾಗಿ 80 ಸೆಂ.ಮೀ.ನಿಂದ 1 ಮೀಟರಿನಷ್ಟು ಮಾತ್ರ ಇರುತ್ತದೆ. ಅದು ಹಾಳಾದರೆ ಅದೇ ಬಣ್ಣದ, ಅದೇ ಅಂಚಿನ ಬಟ್ಟೆ ಮತ್ತೆ ಸಿಗುವುದು ಕಷ್ಟ. ಕರ್ನಾಟಕದಲ್ಲಿ ಅಳತೆ ಕೊಟ್ಟು ಹೊಲಿಸುವ ಉಡುಪುಗಳಲ್ಲಿ ರವಿಕೆ ಪ್ರಮುಖವಾದದ್ದು ಮತ್ತು ಮೈಗೆ ಅತ್ಯಂತ ಹತ್ತಿರವಾಗಿ ಕೂರಬೇಕಾದದ್ದು. ಈ ಲೇಖನದಲ್ಲಿ ರವಿಕೆಯನ್ನೇ ಮುಖ್ಯ ಉದಾಹರಣೆಯಾಗಿ ತೆಗೆದುಕೊಳ್ಳಲಾಗಿದೆ. ಇದೇ ತತ್ತ್ವಗಳು ಕಮೀಜು, ಅಂಗಿ, ಲಂಗ ಮೊದಲಾದ ಉಡುಪುಗಳಿಗೂ ಅನ್ವಯಿಸುತ್ತವೆ.

## ಮಾದರಿಯ ಸ್ವರೂಪ

ಮಾದರಿ ಎಂಬುದು ಉಡುಪಿನ ಪ್ರತಿಯೊಂದು ಭಾಗವನ್ನು ಸಮತಲದಲ್ಲಿ ಬಿಡಿಸಿಟ್ಟ ನಕ್ಷೆ. ರವಿಕೆಯ ಮಾದರಿಯಲ್ಲಿ ಮುಂಭಾಗ, ಬೆನ್ನಿನ ಭಾಗ, ತೋಳು, ಎದೆಯ ಕೆಳಗಿನ ಪಟ್ಟಿ ಹಾಗೂ ಹುಕ್ಕು ಮತ್ತು ಕಾಜಗಳ ಪಟ್ಟಿ ಎಂಬ ತುಂಡುಗಳಿರುತ್ತವೆ. ಮೈಯ ಎಡಬಲಗಳು ಒಂದೇ ಸಮ ಎಂದು ಭಾವಿಸಿ ಅರ್ಧ ಮೈಗೆ ಮಾತ್ರ ಮಾದರಿ ಬರೆದು, ಬಟ್ಟೆಯನ್ನು ಎರಡು ಪದರವಾಗಿ ಮಡಚಿ ಕತ್ತರಿಸುವುದು ರೂಢಿ.

ಮಾದರಿಯ ಮೇಲೆ ಕೆಲವು ಗುರುತುಗಳಿರುತ್ತವೆ. ಬಟ್ಟೆಯ ಹಾಸುನೂಲಿನ ದಿಕ್ಕನ್ನು ತೋರಿಸುವ ಗೆರೆ, ಹೊಲಿಗೆ ಬೀಳಬೇಕಾದ ಗೆರೆ, ಕತ್ತರಿಸಬೇಕಾದ ಗೆರೆ, ಎರಡು ತುಂಡುಗಳು ಕೂಡುವ ಸ್ಥಳಗಳ ಗುರುತು, ಟಕ್‌ಗಳ ಗುರುತು ಮತ್ತು ಎದೆಯ ತುದಿಬಿಂದು ಇವುಗಳಲ್ಲಿ ಮುಖ್ಯವಾದವು. ಹೊಲಿಗೆಯ ಗೆರೆಗೂ ಕತ್ತರಿಸುವ ಗೆರೆಗೂ ನಡುವಿನ ಅಂತರವನ್ನು ದರ್ಜಿಗಳು ಮಾರ್ಜಿನ್ ಎನ್ನುತ್ತಾರೆ. ಎಲ್ಲ ಹೊಂದಾಣಿಕೆಯನ್ನೂ ಹೊಲಿಗೆಯ ಗೆರೆಯನ್ನು ಆಧರಿಸಿ ಲೆಕ್ಕ ಹಾಕಬೇಕು. ಕತ್ತರಿಸುವ ಗೆರೆಯನ್ನು ಆಧಾರವಾಗಿ ತೆಗೆದುಕೊಂಡರೆ ಮಾರ್ಜಿನ್ ಕೂಡ ಉಡುಪಿನ ಅಗಲದಲ್ಲಿ ಸೇರಿಹೋಗಿ ಲೆಕ್ಕ ತಪ್ಪುತ್ತದೆ.

ಸಪಾಟಾದ ಬಟ್ಟೆಯನ್ನು ಉಬ್ಬಿನ ಮೇಲೆ ಹೊದಿಸಿದರೆ ಅಂಚುಗಳಲ್ಲಿ ಬಟ್ಟೆ ಹೆಚ್ಚಾಗಿ ಉಳಿಯುತ್ತದೆ. ಉಳಿದದ್ದನ್ನು ಬೆಣೆಯ ಆಕಾರದಲ್ಲಿ ಒಳಕ್ಕೆ ಮಡಚಿ ಹೊಲಿದರೆ ಅದೇ ಟಕ್ ಆಗುತ್ತದೆ. ಉಬ್ಬು ದೊಡ್ಡದಾದಷ್ಟೂ ಟಕ್ಕಿನ ಬಾಯಿ ಅಗಲವಾಗಬೇಕು, ಉಬ್ಬು ಕಡಿಮೆಯಾದಷ್ಟೂ ಕಿರಿದಾಗಬೇಕು. ಮುಂದೆ ಹೇಳುವ ಎದೆಯ ಭಾಗದ ಹೊಂದಾಣಿಕೆಗೆ ಈ ನಿಯಮವೇ ಆಧಾರ.

## ಇತಿಹಾಸ

ಸೀರೆ, ಪಂಚೆ, ಶಲ್ಯಗಳಂತಹ ಹೊಲಿಯದ ಉಡುಪುಗಳಿಗೆ ಮಾದರಿ ಬೇಕಿರಲಿಲ್ಲ. ನೆರಿಗೆ ಮತ್ತು ಗಂಟುಗಳೇ ಅವುಗಳನ್ನು ಮೈಗೆ ಹೊಂದಿಸುತ್ತಿದ್ದವು. ಉತ್ತರ ಕರ್ನಾಟಕದಲ್ಲಿ ಖಣದ ಬಟ್ಟೆಯಿಂದ ಹೊಲಿಯುವ ಸಾಂಪ್ರದಾಯಿಕ ಕುಪ್ಪಸಕ್ಕೆ ಮುಂಭಾಗದಲ್ಲಿ ಗಂಟು ಕಟ್ಟುವ ರೂಢಿಯಿತ್ತು. ಮೈ ಸ್ವಲ್ಪ ತುಂಬಿದರೆ ಅಥವಾ ಇಳಿದರೆ ಗಂಟನ್ನು ಸಡಿಲಿಸಬಹುದಿತ್ತು ಅಥವಾ ಬಿಗಿಯಬಹುದಿತ್ತು. ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡ ಈ ಖಣದ ನೇಯ್ಗೆಗೆ ಹೆಸರಾಗಿದೆ. ಗಂಟಿನ ಬದಲು ಹುಕ್ಕು ಬಂದ ಮೇಲೆ ಉಡುಪಿನ ಸುತ್ತಳತೆ ಒಂದೇ ಸಂಖ್ಯೆಗೆ ನಿಂತಿತು. ಅಳತೆಯ ನಿಖರತೆಗೆ ಹೆಚ್ಚಿನ ಮಹತ್ವ ಬಂದಿತು. ಕನ್ನಡ ನಾಡಿನಲ್ಲಿ ಹೊಲಿಗೆಯ ವೃತ್ತಿಯವರನ್ನು ಚಿಪ್ಪಿಗ, ಸಿಂಪಿಗ, ದರ್ಜಿ ಎಂಬ ಹೆಸರುಗಳಿಂದ ಕರೆಯಲಾಗಿದೆ.

ಯೂರೋಪಿನಲ್ಲಿ ಅಚ್ಚಾದ ಹಳೆಯ ದರ್ಜಿ ಪುಸ್ತಕಗಳಲ್ಲಿ ಸ್ಪೇನಿನ ಹ್ವಾನ್ ದೆ ಅಲ್ಸೆಗ 1580ರಲ್ಲಿ ಪ್ರಕಟಿಸಿದ ಕೃತಿ ಪ್ರಸಿದ್ಧವಾದದ್ದು. ಅಂಕಗಳುಳ್ಳ ಅಳತೆ ಟೇಪು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಬಳಕೆಗೆ ಬಂದಿತು. ಅದಕ್ಕೂ ಮೊದಲು ದರ್ಜಿಗಳು ಪ್ರತಿ ಗಿರಾಕಿಗೂ ಒಂದೊಂದು ಕಾಗದದ ಪಟ್ಟಿಯನ್ನಿಟ್ಟುಕೊಂಡು, ಎದೆ, ಸೊಂಟ, ತೋಳುಗಳ ಅಳತೆಯನ್ನು ಅದರ ಅಂಚಿನಲ್ಲಿ ಕತ್ತರಿಯಿಂದ ಗುರುತು ಮಾಡಿಡುತ್ತಿದ್ದರು. ಆ ಪಟ್ಟಿ ಒಬ್ಬರ ಮೈಗೆ ಮಾತ್ರ ಸೇರಿದ್ದು. ಅದರಲ್ಲಿ ಸರಾಸರಿಯ ಮಾತಿರಲಿಲ್ಲ.

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸ್ಟರ್ಲಿಂಗ್ ಎಂಬ ಊರಿನ ದರ್ಜಿ ಎಬೆನೆಜರ್ ಬಟರಿಕ್ 1863ರಲ್ಲಿ ಬೇರೆ ಬೇರೆ ಸೈಜುಗಳ ಕಾಗದದ ಮಾದರಿಗಳನ್ನು ಮಾರಾಟಕ್ಕೆ ತಂದರು. ಹೊಲಿಗೆ ಯಂತ್ರ ಮನೆಗಳನ್ನು ಪ್ರವೇಶಿಸುತ್ತಿದ್ದ ಕಾಲವಾದ್ದರಿಂದ ಈ ಮಾದರಿಗಳಿಗೆ ಬೇಡಿಕೆ ಬೆಳೆಯಿತು. ಕಾಣದ ವ್ಯಕ್ತಿಗೆ ಉಡುಪು ಬರೆಯುವ ಪದ್ಧತಿ ಹೀಗೆ ವ್ಯಾಪಕವಾಯಿತು. ಮಾದರಿಯನ್ನು ಮೈಗೆ ಹೊಂದಿಸುವ ಕೆಲಸ ಹೊಲಿಯುವವರ ಪಾಲಿಗೆ ಬಂದಿತು.

ಸೈಜುಗಳಿಗೆ ಆಧಾರವಾದ ಅಳತೆಗಳನ್ನು ಸಮೀಕ್ಷೆಗಳಿಂದ ಪಡೆಯಲಾಯಿತು. ಅಮೆರಿಕದಲ್ಲಿ 1939–40ರಲ್ಲಿ ಸುಮಾರು 15,000 ಮಹಿಳೆಯರ ತಲಾ 59 ಅಳತೆಗಳನ್ನು ತೆಗೆದು, 1941ರಲ್ಲಿ ಅದರ ವರದಿಯನ್ನು ಪ್ರಕಟಿಸಲಾಯಿತು. ಅಂತಿಮ ಲೆಕ್ಕದಲ್ಲಿ ಬಿಳಿಯ ಮಹಿಳೆಯರ ಅಳತೆಗಳನ್ನು ಮಾತ್ರ ಬಳಸಲಾಗಿತ್ತು. ಈ ಮಾಹಿತಿಯನ್ನು ಆಧರಿಸಿದ ವಾಣಿಜ್ಯ ಮಾನಕ 1958ರಲ್ಲಿ ಜಾರಿಗೆ ಬಂದು, 1983ರಲ್ಲಿ ಹಿಂತೆಗೆಯಲ್ಪಟ್ಟಿತು. ಭಾರತದಲ್ಲಿ ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆಯು ಭಾರತೀಯರ ಮೈಯಳತೆಯ ಪಟ್ಟಿಯನ್ನು ಸಿದ್ಧಪಡಿಸಲು ಇಂಡಿಯಾಸೈಜ್ ಎಂಬ ಸಮೀಕ್ಷೆಯನ್ನು ರೂಪಿಸಿತು. ಬೆಂಗಳೂರು ಸೇರಿದಂತೆ ಆರು ನಗರಗಳಲ್ಲಿ 25,000 ಜನರನ್ನು ಮೂರು ಆಯಾಮದ ಸ್ಕ್ಯಾನರುಗಳಿಂದ ಅಳೆಯುವುದು ಅದರ ಯೋಜನೆಯಾಗಿತ್ತು.

## ಹೊಂದಾಣಿಕೆಯ ಅಗತ್ಯ

ಎದೆಯ ಸುತ್ತಳತೆ 36 ಇಂಚು ಇರುವ ಇಬ್ಬರು ಮಹಿಳೆಯರನ್ನು ಪರಿಗಣಿಸಬಹುದು. ಒಬ್ಬರದು ಅಗಲವಾದ ಬೆನ್ನು ಮತ್ತು ಚಿಕ್ಕ ಎದೆ. ಇನ್ನೊಬ್ಬರದು ಕಿರಿದಾದ ಬೆನ್ನು ಮತ್ತು ತುಂಬಿದ ಎದೆ. ಟೇಪು ಇಬ್ಬರಿಗೂ ಒಂದೇ ಸಂಖ್ಯೆಯನ್ನು ತೋರಿಸುತ್ತದೆ, ಆದರೆ ಒಂದೇ ರವಿಕೆ ಇಬ್ಬರಿಗೂ ಕೂರುವುದಿಲ್ಲ. ಮೊದಲನೆಯವರಿಗೆ ಬೆನ್ನು ಬಿಗಿಯಾಗಿ ಎದೆ ಸಡಿಲವಾಗುತ್ತದೆ, ಎರಡನೆಯವರಿಗೆ ಹುಕ್ಕುಗಳ ನಡುವೆ ಬಟ್ಟೆ ಬಾಯಿಬಿಟ್ಟು ಭುಜ ಜಾರುತ್ತದೆ. ಸೈಜು ಎಂಬುದು ಸುತ್ತಳತೆಯನ್ನು ಹೇಳುತ್ತದೆಯೇ ಹೊರತು ಆ ಸುತ್ತಳತೆ ಮುಂದೆ ಮತ್ತು ಹಿಂದೆ ಹೇಗೆ ಹಂಚಿಕೆಯಾಗಿದೆ ಎಂಬುದನ್ನು ಹೇಳುವುದಿಲ್ಲ.

ಎತ್ತರದ ವ್ಯತ್ಯಾಸವೂ ಮುಖ್ಯ. ಭಾರತದ ವಯಸ್ಕ ಮಹಿಳೆಯರ ಸರಾಸರಿ ಎತ್ತರ ಸುಮಾರು 152 ಸೆಂ.ಮೀ. ಪಾಶ್ಚಾತ್ಯ ವಾಣಿಜ್ಯ ಮಾದರಿಗಳನ್ನು ಸಾಮಾನ್ಯವಾಗಿ 165 ಸೆಂ.ಮೀ. ಆಸುಪಾಸಿನ ಎತ್ತರಕ್ಕೆ ಬರೆದಿರುತ್ತಾರೆ. ಅಂತಹ ಮಾದರಿಯನ್ನು ಹಾಗೆಯೇ ಬಳಸಿದರೆ ಎದೆಯ ತುದಿಬಿಂದು, ಸೊಂಟದ ಗೆರೆ, ಕಂಕುಳ ಆಳ ಇವೆಲ್ಲವೂ ಇರಬೇಕಾದ ಜಾಗಕ್ಕಿಂತ ಕೆಳಗೆ ಬೀಳುತ್ತವೆ. ವಯಸ್ಸು, ಹೆರಿಗೆ, ಕಾಯಿಲೆ, ಶಸ್ತ್ರಚಿಕಿತ್ಸೆ ಹಾಗೂ ದುಡಿಮೆಯ ಸ್ವರೂಪಗಳೂ ಮೈಯ ಆಕಾರವನ್ನು ಬದಲಿಸುತ್ತವೆ.

## ಅಳತೆ ತೆಗೆಯುವುದು

ತನ್ನ ಅಳತೆಯನ್ನು ತಾನೇ ತೆಗೆದುಕೊಂಡರೆ ಕೈ ಎತ್ತುವಾಗ ಭುಜ ಮತ್ತು ಬೆನ್ನಿನ ಅಳತೆ ಬದಲಾಗುತ್ತದೆ. ಹಾಗಾಗಿ ಇನ್ನೊಬ್ಬರ ನೆರವು ಪಡೆಯುವುದು ಒಳ್ಳೆಯದು. ಉಡುಪಿನೊಂದಿಗೆ ತೊಡುವ ಒಳ ಉಡುಪನ್ನೇ ಧರಿಸಿ, ಸಹಜವಾಗಿ ನಿಂತು, ಉಸಿರನ್ನು ಬಿಗಿಹಿಡಿಯದೆ ಅಳತೆ ಕೊಡಬೇಕು. ಸುತ್ತಳತೆ ತೆಗೆಯುವಾಗ ಟೇಪು ನೆಲಕ್ಕೆ ಸಮಾನಾಂತರವಾಗಿರಬೇಕು. ಹಳೆಯ ಟೇಪು ಜಗ್ಗಿ ಉದ್ದವಾಗಿರುವ ಸಾಧ್ಯತೆ ಇರುವುದರಿಂದ ಅದನ್ನು ಆಗಾಗ್ಗೆ ಅಳತೆಪಟ್ಟಿಯೊಂದಿಗೆ ಹೋಲಿಸಿ ನೋಡಬೇಕು. ದರ್ಜಿಗಳಲ್ಲಿ ಇಂಚಿನ ಲೆಕ್ಕ ರೂಢಿಯಲ್ಲಿದೆ. ಇಂಚು ಮತ್ತು ಸೆಂಟಿಮೀಟರುಗಳನ್ನು ಒಂದೇ ಮಾದರಿಯಲ್ಲಿ ಬೆರೆಸಬಾರದು.

ರವಿಕೆಗೆ ಬೇಕಾದ ಮುಖ್ಯ ಅಳತೆಗಳು:

- ಮೇಲೆದೆ: ಕಂಕುಳಿನ ಕೆಳಗಿನಿಂದ, ಎದೆಯ ಉಬ್ಬಿಗಿಂತ ಮೇಲೆ ಹಾದುಹೋಗುವ ಸುತ್ತಳತೆ.
- ಪೂರ್ಣ ಎದೆ: ಎದೆಯ ಅತಿ ಹೆಚ್ಚು ಉಬ್ಬಿದ ಭಾಗದ ಸುತ್ತಳತೆ.
- ಕೆಳಎದೆ: ಎದೆಯ ಉಬ್ಬು ಮುಗಿಯುವ ಜಾಗದ ಸುತ್ತಳತೆ, ರವಿಕೆಯ ಪಟ್ಟಿ ಕೂರುವುದು ಇಲ್ಲಿ.
- ತುದಿಬಿಂದುವಿನ ಎತ್ತರ: ಕುತ್ತಿಗೆಯ ಪಕ್ಕದಲ್ಲಿ ಭುಜ ಆರಂಭವಾಗುವ ಜಾಗದಿಂದ ಎದೆಯ ತುದಿಬಿಂದುವಿನವರೆಗೆ.
- ತುದಿಬಿಂದುಗಳ ಅಂತರ: ಒಂದು ತುದಿಬಿಂದುವಿನಿಂದ ಇನ್ನೊಂದಕ್ಕೆ.
- ಭುಜದ ಅಗಲ: ಬೆನ್ನಿನ ಕಡೆಯಿಂದ ಒಂದು ಭುಜದ ಮೂಳೆಯ ತುದಿಯಿಂದ ಇನ್ನೊಂದಕ್ಕೆ.
- ಮುಂಭಾಗದ ಉದ್ದ ಮತ್ತು ಬೆನ್ನಿನ ಉದ್ದ: ಎರಡನ್ನೂ ಬೇರೆ ಬೇರೆಯಾಗಿ.
- ಕಂಕುಳ ಸುತ್ತು, ಮೇಲ್ದೋಳಿನ ಸುತ್ತು, ತೋಳಿನ ಉದ್ದ.
- ಮುಂದಿನ ಮತ್ತು ಹಿಂದಿನ ಕುತ್ತಿಗೆಯ ಆಳ ಹಾಗೂ ಅಗಲ.

ಇವುಗಳಲ್ಲಿ ಮೇಲೆದೆಯ ಅಳತೆ ಅತ್ಯಂತ ಉಪಯುಕ್ತವಾದರೂ ಹೆಚ್ಚಾಗಿ ಬಿಟ್ಟುಹೋಗುವಂಥದ್ದು. ಭುಜ, ಕುತ್ತಿಗೆ ಮತ್ತು ಬೆನ್ನಿನ ಗಾತ್ರವನ್ನು ಪೂರ್ಣ ಎದೆಯ ಅಳತೆಗಿಂತ ಮೇಲೆದೆಯ ಅಳತೆಯೇ ಚೆನ್ನಾಗಿ ಸೂಚಿಸುತ್ತದೆ.

### ಅಳತೆ ಬ್ಲೌಸ್

ಮೈಯಳತೆ ಕೊಡುವ ಬದಲು, ಚೆನ್ನಾಗಿ ಕೂರುವ ಹಳೆಯ ರವಿಕೆಯೊಂದನ್ನು ದರ್ಜಿಗೆ ಕೊಡುವ ಪದ್ಧತಿ ಕರ್ನಾಟಕದಲ್ಲಿ ವ್ಯಾಪಕವಾಗಿದೆ. ಇದನ್ನು ಅಳತೆ ಬ್ಲೌಸ್ ಎನ್ನುತ್ತಾರೆ. ಸಂಕೋಚಪಡುವವರಿಗೆ ಇದು ಅನುಕೂಲಕರ. ಆದರೆ ಇದಕ್ಕೆ ಮಿತಿಗಳೂ ಇವೆ. ಹಳೆಯ ರವಿಕೆಯ ಬಟ್ಟೆ ಒಗೆತದಿಂದ ಕುಗ್ಗಿರಬಹುದು ಅಥವಾ ಜಗ್ಗಿರಬಹುದು. ಅದು ಹೊಲಿದ ಕಾಲದ ಮೈಯಳತೆಯನ್ನು ಹೇಳುತ್ತದೆ, ಇಂದಿನದನ್ನಲ್ಲ. ಅದರಲ್ಲಿದ್ದ ಸಣ್ಣ ದೋಷಗಳು ಹೊಸ ರವಿಕೆಗೂ ಹಾಗೆಯೇ ಇಳಿದುಬರುತ್ತವೆ. ಹತ್ತಿಯ ರವಿಕೆಯ ಅಳತೆಗೆ ರೇಷ್ಮೆಯ ರವಿಕೆಯನ್ನು ಹೊಲಿದರೆ, ರೇಷ್ಮೆ ಹತ್ತಿಯಂತೆ ಮೈಗೆ ಒಗ್ಗದ ಕಾರಣ ಬಿಗಿಯಾಗಿ ತೋರಬಹುದು. ಆದ್ದರಿಂದ ಅಳತೆ ಬ್ಲೌಸ್ ಜೊತೆಗೆ ಮೇಲೆದೆ, ಪೂರ್ಣ ಎದೆ ಮತ್ತು ಮೇಲ್ದೋಳಿನ ಅಳತೆಗಳನ್ನಾದರೂ ಹೊಸದಾಗಿ ತೆಗೆಯುವುದು ಸೂಕ್ತ.

## ಸಡಿಲು

ಮೈಯಳತೆಗೂ ಹೊಲಿದ ಉಡುಪಿನ ಅಳತೆಗೂ ನಡುವಿನ ವ್ಯತ್ಯಾಸವೇ ಸಡಿಲು. ಉಸಿರಾಡಲು, ಕೂರಲು, ಕೈ ಎತ್ತಲು ಬೇಕಾದ ಕನಿಷ್ಠ ಸಡಿಲು ಒಂದು. ಉಡುಪಿನ ಶೈಲಿಗಾಗಿ ಸೇರಿಸುವ ಹೆಚ್ಚಿನ ಸಡಿಲು ಇನ್ನೊಂದು. ನೇಯ್ದ ಬಟ್ಟೆಯ ರವಿಕೆಗೆ ಎದೆಯ ಸುತ್ತ ಸಾಮಾನ್ಯವಾಗಿ 1ರಿಂದ 2 ಇಂಚು, ಕಮೀಜಿಗೆ 3ರಿಂದ 4 ಇಂಚು, ರವಿಕೆಯ ತೋಳಿಗೆ ಸುಮಾರು 1 ಇಂಚು ಸಡಿಲು ಬಿಡಲಾಗುತ್ತದೆ. ಹೆಣೆದ ಬಟ್ಟೆ ತಾನೇ ಹಿಗ್ಗುವುದರಿಂದ ಅದಕ್ಕೆ ಇಷ್ಟು ಸಡಿಲು ಬೇಕಾಗುವುದಿಲ್ಲ. ಮಾದರಿಯ ಕಾಗದವನ್ನು ನೇರವಾಗಿ ಅಳೆದು ಮೈಯಳತೆಯೊಂದಿಗೆ ಹೋಲಿಸುವಾಗ ಈ ಸಡಿಲನ್ನು ಮರೆತರೆ ಉಡುಪು ಬಿಗಿಯಾಗುವುದು ಖಚಿತ.

## ಹೊಂದಾಣಿಕೆಯ ಕ್ರಮ

ಹೊಂದಾಣಿಕೆಗಳನ್ನು ಒಂದು ಕ್ರಮದಲ್ಲಿ ಮಾಡಬೇಕು. ಮೊದಲು ಸರಿಯಾದ ಸೈಜಿನ ಆಯ್ಕೆ, ಬಳಿಕ ಉದ್ದ, ಆಮೇಲೆ ಎದೆ, ಭುಜ, ಬೆನ್ನು, ಕೊನೆಗೆ ತೋಳು. ಉದ್ದವನ್ನು ಮೊದಲು ತಿದ್ದುವುದಕ್ಕೆ ಕಾರಣವಿದೆ. ಎದೆಯ ತುದಿಬಿಂದು ಮತ್ತು ಸೊಂಟದ ಗೆರೆಗಳು ತಮ್ಮ ಜಾಗಕ್ಕೆ ಬಂದ ಮೇಲೆಯೇ ಅಗಲ ಎಲ್ಲಿ ಬೇಕು ಎಂಬುದು ತಿಳಿಯುತ್ತದೆ. ತೋಳು ಕೊನೆಯದು, ಏಕೆಂದರೆ ಅದು ಕೂಡಬೇಕಾದ ಕಂಕುಳ ಸುತ್ತು ಹಿಂದಿನ ಎಲ್ಲ ತಿದ್ದುಪಡಿಗಳಿಂದ ಬದಲಾಗಬಹುದು.

ಮೂಲ ಮಾದರಿಯನ್ನು ಕತ್ತರಿಸದೆ ಅದರ ನಕಲನ್ನು ತೆಗೆದು ಕೆಲಸ ಮಾಡುವುದು ವಾಡಿಕೆ. ಹಳೆಯ ವಾರ್ತಾಪತ್ರಿಕೆ ಅಥವಾ ಕಂದು ಬಣ್ಣದ ಹೊದಿಕೆ ಕಾಗದ ಇದಕ್ಕೆ ಸಾಕು.

### ಸೈಜಿನ ಆಯ್ಕೆ

ರವಿಕೆ, ಕಮೀಜುಗಳಿಗೆ ಮೇಲೆದೆಯ ಅಳತೆಯಿಂದ ಸೈಜು ಆರಿಸಿ, ಎದೆಯ ಭಾಗವನ್ನು ಬೇಕಾದಷ್ಟು ಹಿಗ್ಗಿಸುವುದು ಉತ್ತಮ ಕ್ರಮ. ಪಾಶ್ಚಾತ್ಯ ಮಾದರಿಗಳಲ್ಲಿ ಹೆಚ್ಚಿನವು ಮೇಲೆದೆಗೂ ಪೂರ್ಣ ಎದೆಗೂ 2 ಇಂಚಿನ ವ್ಯತ್ಯಾಸವನ್ನು ಕಲ್ಪಿಸಿಕೊಂಡಿರುತ್ತವೆ.

ಉದಾಹರಣೆಗೆ, ಮೇಲೆದೆ 34 ಇಂಚು ಮತ್ತು ಪೂರ್ಣ ಎದೆ 38 ಇಂಚು ಇರುವವರು 38ರ ಮಾದರಿಯನ್ನು ತೆಗೆದುಕೊಂಡರೆ, ಅದರ ಮೇಲೆದೆ 36 ಇಂಚಿನದಾಗಿದ್ದು ಕುತ್ತಿಗೆ ಮತ್ತು ಭುಜಗಳು ದೊಡ್ಡದಾಗುತ್ತವೆ. ಮೇಲೆದೆ 34 ಇರುವ ಮಾದರಿಯನ್ನು ತೆಗೆದುಕೊಂಡರೆ ಭುಜ, ಕುತ್ತಿಗೆ, ಬೆನ್ನು ಸರಿಹೊಂದುತ್ತವೆ. ಆ ಮಾದರಿಯ ಪೂರ್ಣ ಎದೆ 36 ಇಂಚು. ಕೊರತೆ 2 ಇಂಚು. ಮುಂಭಾಗಕ್ಕೆ ಎಡ ಮತ್ತು ಬಲ ಎಂಬ ಎರಡು ತುಂಡುಗಳಿರುವುದರಿಂದ ಒಂದೊಂದಕ್ಕೂ 1 ಇಂಚು ಸೇರಿಸಬೇಕು.

### ಉದ್ದ

ಕಂಕುಳಿಗೂ ಸೊಂಟಕ್ಕೂ ನಡುವೆ ಅಡ್ಡಗೆರೆಯೊಂದನ್ನು ಎಳೆದು, ಉದ್ದ ಹೆಚ್ಚಬೇಕಾದರೆ ಅಲ್ಲಿ ಕತ್ತರಿಸಿ ನಡುವೆ ಕಾಗದ ಅಂಟಿಸಬೇಕು, ಕಡಿಮೆಯಾಗಬೇಕಾದರೆ ಮಡಚಬೇಕು. ಕೆಳಅಂಚಿನಲ್ಲಿ ಮಾತ್ರ ಕತ್ತರಿಸಿದರೆ ಸೊಂಟದ ಗೆರೆ ತಪ್ಪಾದ ಜಾಗದಲ್ಲೇ ಉಳಿಯುತ್ತದೆ. ಗಿಡ್ಡ ಮೈಕಟ್ಟಿನವರಿಗೆ ಎದೆಗಿಂತ ಮೇಲಿನ ಭಾಗವೂ ಗಿಡ್ಡವಾಗಿರುವುದು ಸಾಮಾನ್ಯ. ಆಗ ಕಂಕುಳ ಸುತ್ತಿನ ನಡುಭಾಗದಲ್ಲಿ ಕಾಲು ಅಥವಾ ಅರ್ಧ ಇಂಚು ಮಡಚಬೇಕು. ಮುಂಭಾಗ, ಬೆನ್ನು ಮತ್ತು ತೋಳಿನ ತಲೆಭಾಗ ಮೂರರಲ್ಲೂ ಅಷ್ಟೇ ಮಡಚದಿದ್ದರೆ ತುಂಡುಗಳು ಕೂಡುವುದಿಲ್ಲ.

### ಎದೆ

ಎದೆಯ ಹೊಂದಾಣಿಕೆಯಲ್ಲಿ ಮೊದಲು ಮಾಡಬೇಕಾದದ್ದು, ಮಾದರಿಯ ತುದಿಬಿಂದುವನ್ನು ಮೈಯ ತುದಿಬಿಂದುವಿನ ಎತ್ತರಕ್ಕೆ ಮತ್ತು ಅಂತರಕ್ಕೆ ತರುವುದು. ಟಕ್‌ಗಳು ತುದಿಬಿಂದುವಿನ ಕಡೆಗೆ ಮುಖ ಮಾಡಿರಬೇಕು. ಆದರೆ ಅದನ್ನು ಮುಟ್ಟದೆ ಮುಕ್ಕಾಲು ಇಂಚಿನಿಂದ 1 ಇಂಚು ಮೊದಲೇ ಮುಗಿಯಬೇಕು. ಮುಟ್ಟಿದರೆ ಬಟ್ಟೆ ಚೂಪಾಗಿ ನಿಲ್ಲುತ್ತದೆ.

ಎದೆಯ ಭಾಗವನ್ನು ಹಿಗ್ಗಿಸುವ ಕ್ರಮ ಹೀಗಿದೆ:

1. ಕೆಳಗಿನ ಟಕ್ಕಿನ ನಡುವಿನಿಂದ ತುದಿಬಿಂದುವಿನವರೆಗೆ ನೇರಗೆರೆ ಎಳೆದು, ಅಲ್ಲಿಂದ ಅದನ್ನು ಕಂಕುಳ ಸುತ್ತಿನ ಕೆಳಗಿನ ಮೂರನೆಯ ಒಂದು ಭಾಗಕ್ಕೆ ಓರೆಯಾಗಿ ಮುಂದುವರಿಸಬೇಕು.
2. ಪಕ್ಕದ ಟಕ್ಕಿನ ನಡುವಿನಿಂದ ತುದಿಬಿಂದುವಿಗೆ ಎರಡನೆಯ ಗೆರೆ ಎಳೆಯಬೇಕು.
3. ತುದಿಬಿಂದುವಿಗಿಂತ ಕೆಳಗೆ, ಮೊದಲ ಗೆರೆಯಿಂದ ಹುಕ್ಕಿನ ಅಂಚಿನವರೆಗೆ ಮೂರನೆಯ ಅಡ್ಡಗೆರೆ ಎಳೆಯಬೇಕು.
4. ಮೊದಲ ಗೆರೆಯನ್ನು ಕೆಳಗಿನಿಂದ ಕತ್ತರಿಸುತ್ತಾ ಹೋಗಿ ಕಂಕುಳ ಸುತ್ತಿನ ಹೊಲಿಗೆ ಗೆರೆಯ ಬಳಿ ಕೂದಲೆಳೆಯಷ್ಟು ಕಾಗದ ಉಳಿಸಬೇಕು. ಹೊರಗಿನಿಂದ ಮಾರ್ಜಿನ್ನಿಗೆ ಒಂದು ಕಚ್ಚು ಕೊಡಬೇಕು. ಎರಡನೆಯ ಗೆರೆಯನ್ನು ಪಕ್ಕದಿಂದ ಕತ್ತರಿಸಿ ತುದಿಬಿಂದುವಿನ ಬಳಿ ಹಾಗೆಯೇ ನಿಲ್ಲಿಸಬೇಕು.
5. ಪಕ್ಕದ ಭಾಗವನ್ನು ಹೊರಕ್ಕೆ ಸರಿಸಿ, ನೇರಸೀಳಿನ ಎರಡು ಅಂಚುಗಳು 1 ಇಂಚಿನ ಅಂತರದಲ್ಲಿ ಸಮಾನಾಂತರವಾಗಿರುವಂತೆ ಇಡಬೇಕು. ಪಕ್ಕದ ಟಕ್ಕಿನ ಬಾಯಿ ತಾನಾಗಿಯೇ ಅಗಲವಾಗುತ್ತದೆ.
6. ಪಕ್ಕದ ಭಾಗದ ಕೆಳಅಂಚು ಹುಕ್ಕಿನ ಕಡೆಯ ಅಂಚಿಗಿಂತ ಕೆಳಗಿಳಿದಿರುತ್ತದೆ. ಮೂರನೆಯ ಗೆರೆಯಲ್ಲಿ ಕತ್ತರಿಸಿ ಆ ತುಂಡನ್ನು ಇಳಿಸಿ ಎರಡೂ ಅಂಚುಗಳನ್ನು ಸಮಮಾಡಬೇಕು.
7. ಹಿಂದೆ ಕಾಗದ ಅಂಟಿಸಿ ಟಕ್‌ಗಳನ್ನು ಮತ್ತೆ ಬರೆಯಬೇಕು. ಕೆಳಗೆ ಹೆಚ್ಚಾದ ಅಗಲ ಬೇಡವಾದರೆ ಅದನ್ನು ಕೆಳಗಿನ ಟಕ್ಕಿನಲ್ಲಿ ಸೇರಿಸಿಕೊಳ್ಳಬೇಕು.

ಈ ಕ್ರಮದ ವಿಶೇಷವೆಂದರೆ ಭುಜದ ಉದ್ದ, ಕುತ್ತಿಗೆ ಮತ್ತು ಕಂಕುಳ ಸುತ್ತು ಇದ್ದಂತೆಯೇ ಉಳಿದು ಎದೆಯ ಅಗಲವೂ ಉದ್ದವೂ ಒಟ್ಟಿಗೆ ಹೆಚ್ಚುತ್ತವೆ. ಪಕ್ಕದ ಹೊಲಿಗೆಯಲ್ಲಿ ಮಾತ್ರ ಬಟ್ಟೆ ಬಿಟ್ಟರೆ ಅಗಲ ಸಿಗುತ್ತದೆ, ಉಬ್ಬಿನ ಮೇಲೆ ಹಾದುಹೋಗಲು ಬೇಕಾದ ಉದ್ದ ಸಿಗುವುದಿಲ್ಲ. ಅಂತಹ ರವಿಕೆಯ ಪಟ್ಟಿ ಎದೆಯ ಕೆಳಗೆ ನಿಲ್ಲದೆ ಮೇಲಕ್ಕೆ ಸರಿಯುತ್ತದೆ. ಎದೆಯ ಭಾಗ ಕಡಿಮೆಯಾಗಬೇಕಾದವರಿಗೆ ಇದೇ ಸೀಳುಗಳನ್ನು ಬಿಡಿಸುವ ಬದಲು ಒಂದರ ಮೇಲೊಂದು ಏರಿಸಿದರೆ ಸಾಕು.

ನಾಲ್ಕು ಟಕ್‌ಗಳ ರವಿಕೆಯಲ್ಲಿ ಹೆಚ್ಚಾದ ಬಟ್ಟೆಯನ್ನು ನಾಲ್ಕೂ ಟಕ್‌ಗಳಿಗೆ ಹಂಚಬಹುದು. ಕಟೋರಿ ಮತ್ತು ಪ್ರಿನ್ಸೆಸ್ ಕಟ್ ರವಿಕೆಗಳಲ್ಲಿ ಟಕ್ಕಿನ ಬದಲು ತುಂಡುಗಳ ಕೂಡುಗೆರೆಗಳೇ ಉಬ್ಬನ್ನು ರೂಪಿಸುವುದರಿಂದ, ಆ ಗೆರೆಗಳ ಬಾಗುವಿಕೆಯಲ್ಲಿ ಬದಲಾವಣೆ ಮಾಡಬೇಕು.

### ಭುಜ ಮತ್ತು ಕುತ್ತಿಗೆ

ಇಳಿಭುಜದವರಿಗೆ ಭುಜದ ತುದಿಯನ್ನು ಕಾಲರಿಂದ ಅರ್ಧ ಇಂಚು ಇಳಿಸಬೇಕು. ಅಷ್ಟೇ ಪ್ರಮಾಣದಲ್ಲಿ ಕಂಕುಳ ಬುಡವನ್ನೂ ಇಳಿಸದಿದ್ದರೆ ಕಂಕುಳ ಸುತ್ತು ಕಿರಿದಾಗಿ ಕೈ ಹಿಡಿಯುತ್ತದೆ. ಎತ್ತರದ ಭುಜದವರಿಗೆ ಎರಡನ್ನೂ ಏರಿಸಬೇಕು.

ರವಿಕೆ ಭುಜದಿಂದ ಜಾರುವುದು ಸಾಮಾನ್ಯವಾದ ದೂರು. ಸೈಜನ್ನು ಪೂರ್ಣ ಎದೆಯಿಂದ ಆರಿಸಿರುವುದು, ಕುತ್ತಿಗೆಯ ಅಗಲ ಹೆಚ್ಚಾಗಿರುವುದು, ಮುಂದೆ ಹಿಂದೆ ಎರಡೂ ಕಡೆ ಕುತ್ತಿಗೆ ಆಳವಾಗಿರುವುದು ಇದಕ್ಕೆ ಮುಖ್ಯ ಕಾರಣಗಳು. ಬೆನ್ನು ಆಳವಾಗಿ ಬೇಕಾದಾಗ ಕುತ್ತಿಗೆಯ ಅಗಲವನ್ನು ಮಿತಿಯಲ್ಲಿಟ್ಟು, ಮುಂದಿನ ಕುತ್ತಿಗೆಯನ್ನು ಹೆಚ್ಚು ಇಳಿಸದಿರುವುದು ಒಂದು ಉಪಾಯ. ಬೆನ್ನಿಗೆ ದಾರ ಕಟ್ಟುವುದು ಇನ್ನೊಂದು. ಆಳವಾದ ಕುತ್ತಿಗೆ ಮೈಗೆ ಅಂಟದೆ ಬಾಯಿಬಿಟ್ಟರೆ, ಕಾಗದದಲ್ಲಿ ಕುತ್ತಿಗೆಯ ಅಂಚಿನಿಂದ ಕಂಕುಳಿನ ಕಡೆಗೆ ಬೆಣೆಯಾಕಾರದಲ್ಲಿ ಕಾಲು ಇಂಚಿನಷ್ಟು ಮಡಚಿ ತೆಗೆಯಬೇಕು.

### ಬೆನ್ನು

ವಯಸ್ಸಾದವರಲ್ಲಿಯೂ, ಬಾಗಿ ಕೆಲಸ ಮಾಡುವವರಲ್ಲಿಯೂ ಮೇಲ್ಬೆನ್ನು ದುಂಡಗಾಗುವುದುಂಟು. ಅಂಥವರ ರವಿಕೆಯ ಬೆನ್ನು ಕೆಳಗೆ ಎತ್ತಿಕೊಂಡು, ಮುಂಭಾಗ ಇಳಿಬೀಳುತ್ತದೆ. ಹೆಗಲೆಲುಬಿನ ಮಟ್ಟದಲ್ಲಿ ಬೆನ್ನಿನ ಮಾದರಿಯನ್ನು ನಡುಗೆರೆಯಿಂದ ಕಂಕುಳಿನವರೆಗೆ ಅಡ್ಡ ಸೀಳಿ, ನಡುಗೆರೆಯಲ್ಲಿ ಅರ್ಧ ಇಂಚಿನಷ್ಟು ತೆರೆದು, ಕುತ್ತಿಗೆಯಲ್ಲಿ ಹೆಚ್ಚಾದದ್ದನ್ನು ಚಿಕ್ಕ ಟಕ್ಕಿನಿಂದ ತೆಗೆಯಬೇಕು. ಮುಂಭಾಗದ ಉದ್ದವನ್ನು ಬೇಕಿದ್ದಷ್ಟು ಕಡಿಮೆ ಮಾಡಬೇಕಾಗಬಹುದು. ಹಿರಿಯರಿಗೆ ಹೊಲಿಯುವಾಗ ಮುಂದಿನ ಮತ್ತು ಹಿಂದಿನ ಉದ್ದಗಳನ್ನು ಬೇರೆ ಬೇರೆಯಾಗಿ ತೆಗೆಯಬೇಕು ಎಂಬುದು ಇದೇ ಕಾರಣಕ್ಕೆ.

### ತೋಳು

ಎದೆಯ ಸುತ್ತಳತೆ ಒಂದೇ ಆಗಿದ್ದರೂ ತೋಳಿನ ಗಾತ್ರ ವ್ಯಕ್ತಿಯಿಂದ ವ್ಯಕ್ತಿಗೆ ಬಹಳ ವ್ಯತ್ಯಾಸವಾಗುತ್ತದೆ. ಮೇಲ್ದೋಳಿನ ಸುತ್ತು 13 ಇಂಚು ಇದ್ದರೆ, 1 ಇಂಚು ಸಡಿಲು ಸೇರಿ 14 ಇಂಚು ಬೇಕು. ಮಾದರಿಯ ತೋಳು ಹನ್ನೆರಡೂವರೆ ಇಂಚು ಇದ್ದರೆ ಒಂದೂವರೆ ಇಂಚು ಹೆಚ್ಚಿಸಬೇಕು. ತೋಳಿನ ಮಾದರಿಯ ನಡುವೆ ಉದ್ದಕ್ಕೂ, ಕಂಕುಳಿನ ಮಟ್ಟದಲ್ಲಿ ಅಡ್ಡಕ್ಕೂ ಸೀಳಿ, ತಲೆಭಾಗದ ತುದಿಯಲ್ಲಿ ಮತ್ತು ಎರಡು ಪಕ್ಕಗಳಲ್ಲಿ ಕೂದಲೆಳೆಯಷ್ಟು ಉಳಿಸಿ, ಪಕ್ಕಗಳನ್ನು ಹೊರಕ್ಕೆ ಎಳೆಯಬೇಕು. ಗಿಡ್ಡ ತೋಳಾದರೆ ಕೆಳಗಿನ ಸೀಳನ್ನು ಅಂಚಿನವರೆಗೂ ತೆರೆಯಬೇಕು. ತಲೆಭಾಗದ ಎತ್ತರ ಸ್ವಲ್ಪ ತಗ್ಗುತ್ತದೆ, ಆದರೆ ಅದರ ಹೊಲಿಗೆ ಗೆರೆಯ ಉದ್ದ ಬದಲಾಗದ ಕಾರಣ ಅದು ಕಂಕುಳ ಸುತ್ತಿಗೆ ಕೂಡುತ್ತದೆ.

ತೋಳು ಬಿಗಿಯಾದಾಗ ಕಂಕುಳ ಬುಡವನ್ನು ಇನ್ನಷ್ಟು ಕೆಳಕ್ಕೆ ಕತ್ತರಿಸುವುದು ಸಾಮಾನ್ಯವಾದ ತಪ್ಪು. ಕಂಕುಳು ಕೆಳಗಿಳಿದಷ್ಟೂ ಕೈ ಎತ್ತಿದಾಗ ಇಡೀ ರವಿಕೆ ಮೇಲಕ್ಕೇಳುತ್ತದೆ. ಕಂಕುಳು ಮೈಗೆ ಹತ್ತಿರವಿದ್ದಷ್ಟೂ ಕೈಯ ಚಲನೆ ಸುಲಭ.

### ಎಡಬಲ ಸಮವಿಲ್ಲದಿದ್ದಾಗ

ಒಂದು ಭುಜ ಇನ್ನೊಂದಕ್ಕಿಂತ ತಗ್ಗಿರುವುದು ಸಾಮಾನ್ಯ. ವ್ಯತ್ಯಾಸ ಹೆಚ್ಚಾಗಿದ್ದರೆ ಅರ್ಧ ಮಾದರಿಯ ಬದಲು ಎಡಕ್ಕೂ ಬಲಕ್ಕೂ ಪ್ರತ್ಯೇಕ ಮಾದರಿ ಬರೆದು, ಬಟ್ಟೆಯನ್ನು ಒಂದೇ ಪದರದಲ್ಲಿ ಹರಡಿ ಕತ್ತರಿಸಬೇಕು. ಬೆನ್ನುಮೂಳೆ ಪಕ್ಕಕ್ಕೆ ಬಾಗಿರುವವರಿಗೂ, ಸ್ತನದ ಶಸ್ತ್ರಚಿಕಿತ್ಸೆಗೆ ಒಳಗಾದವರಿಗೂ ಇದು ಅವಶ್ಯಕ. ಕೃತಕ ಸ್ತನವನ್ನು ಧರಿಸುವವರು ಅದನ್ನು ಧರಿಸಿಯೇ ಅಳತೆ ಕೊಡಬೇಕು. ಧರಿಸದವರಿಗೆ ಆ ಕಡೆಯ ಟಕ್‌ಗಳನ್ನು ಕಿರಿದು ಮಾಡಿ, ಗಾಯದ ಗುರುತಿನ ಮೇಲೆ ಹೊಲಿಗೆ ಬೀಳದಂತೆ ನೋಡಿಕೊಳ್ಳಬೇಕು.

ಗಾಲಿಕುರ್ಚಿಯನ್ನು ಬಳಸುವವರ ಅಳತೆಯನ್ನು ಕೂತ ಭಂಗಿಯಲ್ಲಿಯೇ ತೆಗೆಯಬೇಕು. ಅವರ ಅಂಗಿ, ಕಮೀಜುಗಳಿಗೆ ಮುಂಭಾಗ ಗಿಡ್ಡವಾಗಿ ಬೆನ್ನು ಉದ್ದವಾಗಿ ಬೇಕಾಗುತ್ತದೆ. ಸಿದ್ಧ ಉಡುಪುಗಳ ಸೈಜುಗಳಲ್ಲಿ ಇಂತಹ ಅಳತೆಗಳಿಗೆ ಸ್ಥಾನವಿಲ್ಲದಿರುವುದರಿಂದ ಮಾದರಿಯ ಹೊಂದಾಣಿಕೆಯೇ ಇವರಿಗೆ ಮುಖ್ಯ ಮಾರ್ಗ.

## ಪರೀಕ್ಷಾ ಉಡುಪು

ತಿದ್ದಿದ ಮಾದರಿಯಿಂದ ಮೊದಲು ಅಗ್ಗದ ಬಟ್ಟೆಯಲ್ಲಿ ಒಂದು ಉಡುಪನ್ನು ಹೊಲಿದು ನೋಡುವುದು ಉತ್ತಮ. ಕೋರಾ ಬಟ್ಟೆ ಅಥವಾ ಹಳೆಯ ಹತ್ತಿಯ ಹಾಸುಹೊದಿಕೆ ಇದಕ್ಕೆ ಸಾಕು. ದೊಡ್ಡ ಹೊಲಿಗೆಗಳಿಂದ ಕಚ್ಚಾ ಹೊಲಿದು, ತೊಟ್ಟು, ನಿಂತು, ಕೂತು, ಕೈ ಎತ್ತಿ ನೋಡಬೇಕು. ಬಟ್ಟೆಯಲ್ಲಿ ಮೂಡುವ ಸುಕ್ಕುಗಳು ದೋಷದ ಜಾಗವನ್ನು ತೋರಿಸುತ್ತವೆ:

- ಜಗ್ಗಿದಂತೆ ಕಾಣುವ ಅಡ್ಡ ಸುಕ್ಕು: ಆ ಮಟ್ಟದಲ್ಲಿ ಸುತ್ತಳತೆ ಸಾಲದು.
- ಸಡಿಲವಾದ ಅಡ್ಡ ಮಡಿಕೆ: ಉದ್ದ ಹೆಚ್ಚಾಗಿದೆ.
- ಸಡಿಲವಾದ ಉದ್ದ ಮಡಿಕೆ: ಅಗಲ ಹೆಚ್ಚಾಗಿದೆ.
- ಎದೆಯ ತುದಿಬಿಂದುವಿನಿಂದ ಪಕ್ಕಕ್ಕೆ ಇಳಿಯುವ ಓರೆ ಸುಕ್ಕು: ಎದೆಗೆ ಬಟ್ಟೆ ಸಾಲದು, ಟಕ್ ಅಗಲವಾಗಬೇಕು.
- ಕುತ್ತಿಗೆಯಿಂದ ಕಂಕುಳಿಗೆ ಇಳಿಯುವ ಓರೆ ಮಡಿಕೆ: ಭುಜದ ತುದಿ ಇಳಿಯಬೇಕು.

ಒಂದು ಬಾರಿಗೆ ಒಂದೇ ದೋಷವನ್ನು ತಿದ್ದಿ ಮತ್ತೆ ತೊಟ್ಟು ನೋಡಬೇಕು. ಒಂದರ ಪರಿಹಾರದಿಂದ ಇನ್ನೊಂದು ತಾನಾಗಿಯೇ ಮಾಯವಾಗುವುದುಂಟು. ಕಂಡುಕೊಂಡ ತಿದ್ದುಪಡಿಗಳನ್ನು ಮಾದರಿಯ ಕಾಗದಕ್ಕೆ ವರ್ಗಾಯಿಸಿ, ದಿನಾಂಕ ಬರೆದಿಟ್ಟರೆ ಮುಂದಿನ ಉಡುಪುಗಳಿಗೆ ಅದೇ ಸ್ವಂತ ಮಾದರಿಯಾಗುತ್ತದೆ.

## ಬಟ್ಟೆ ಮತ್ತು ಮಾರ್ಜಿನ್

ಹತ್ತಿಯ ಬಟ್ಟೆ ಮೊದಲ ಒಗೆತದಲ್ಲಿ ಕುಗ್ಗುವುದರಿಂದ ಅದನ್ನೂ ಲೈನಿಂಗ್ ಬಟ್ಟೆಯನ್ನೂ ನೀರಿನಲ್ಲಿ ನೆನೆಸಿ ಒಣಗಿಸಿದ ನಂತರವೇ ಕತ್ತರಿಸಬೇಕು. ಲೈನಿಂಗ್ ಮಾತ್ರ ಕುಗ್ಗಿದರೆ ಮಾದರಿ ಎಷ್ಟೇ ಸರಿಯಿದ್ದರೂ ರವಿಕೆ ಮುದುರುತ್ತದೆ. ಮಾದರಿಯ ಹಾಸುಗೆರೆ ಬಟ್ಟೆಯ ಹಾಸುನೂಲಿಗೆ ಸಮಾನಾಂತರವಾಗಿರಬೇಕು.

ಭಾರತದ ದರ್ಜಿಗಳು ರವಿಕೆಯ ಪಕ್ಕದ ಹೊಲಿಗೆಯೊಳಗೆ 1ರಿಂದ ಒಂದೂವರೆ ಇಂಚು ಬಟ್ಟೆ ಉಳಿಸಿ, ಸಾಲುಸಾಲಾಗಿ ಎರಡು ಮೂರು ಹೊಲಿಗೆ ಹಾಕುವ ರೂಢಿಯಿದೆ. ಮೈ ತುಂಬಿದಾಗ ಒಂದು ಸಾಲನ್ನು ಬಿಚ್ಚಿದರೆ ಸಾಕು. ಈ ಉಪಾಯದಿಂದ ರವಿಕೆಯ ಆಯುಷ್ಯ ಹೆಚ್ಚುತ್ತದೆ. ಆದರೆ ಇದರಿಂದ ಸುತ್ತಳತೆಯನ್ನು ಮಾತ್ರ ಬದಲಿಸಬಹುದು. ಕುತ್ತಿಗೆ, ಭುಜ, ಕಂಕುಳು ಮತ್ತು ತುದಿಬಿಂದುಗಳನ್ನು ಕತ್ತರಿಸಿದ ಮೇಲೆ ತಿದ್ದಲು ಅವಕಾಶ ಬಹಳ ಕಡಿಮೆ.

## ಕಲಿಕೆ ಮತ್ತು ತಂತ್ರಾಂಶ

ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿ ಹೊಲಿಗೆ ತಂತ್ರಜ್ಞಾನ ಒಂದು ವರ್ಷದ ವೃತ್ತಿ ತರಬೇತಿಯಾಗಿದೆ. ಮನೆಯಲ್ಲಿಯೇ ಹೊಲಿದು ಸಂಪಾದಿಸುವ ಮಹಿಳೆಯರಿಗೆ ಹೊಂದಾಣಿಕೆಯ ಜ್ಞಾನ ನೇರವಾಗಿ ಆದಾಯಕ್ಕೆ ಸಂಬಂಧಿಸಿದ್ದು. ಹಾಳಾದ ಬಟ್ಟೆಯ ಬೆಲೆಯನ್ನು ಕೆಲವೊಮ್ಮೆ ಅವರೇ ಭರಿಸಬೇಕಾಗುತ್ತದೆ. ಮತ್ತೆ ಬಿಚ್ಚಿ ಹೊಲಿಯುವ ಸಮಯಕ್ಕೆ ಕೂಲಿ ಸಿಗುವುದಿಲ್ಲ.

ಉಡುಪು ಕಾರ್ಖಾನೆಗಳಲ್ಲಿ ಒಂದು ಮೂಲ ಮಾದರಿಯನ್ನು ಬೇರೆ ಬೇರೆ ಸೈಜುಗಳಿಗೆ ಹಿಗ್ಗಿಸುವ ಅಥವಾ ಕುಗ್ಗಿಸುವ ಕೆಲಸವನ್ನು ಗ್ರೇಡಿಂಗ್ ಎನ್ನುತ್ತಾರೆ. ಇದು ಗಣಕಯಂತ್ರದಲ್ಲಿ ನಡೆಯುತ್ತದೆ. ಗ್ರೇಡಿಂಗ್ ಒಂದು ಸೈಜಿನಿಂದ ಇನ್ನೊಂದು ಸೈಜಿಗೆ ಸಾಗುತ್ತದೆ. ಹೊಂದಾಣಿಕೆಯಾದರೋ ಸೈಜಿನಿಂದ ಒಬ್ಬ ವ್ಯಕ್ತಿಯ ಕಡೆಗೆ ಸಾಗುತ್ತದೆ. ವ್ಯಕ್ತಿಯ ಅಳತೆಗಳನ್ನು ನಮೂದಿಸಿದರೆ ಅವುಗಳಿಗೆ ತಕ್ಕ ಮಾದರಿಯನ್ನು ಬರೆದುಕೊಡುವ ವ್ಯಾಲೆಂಟಿನಾ, ಫ್ರೀಸೂಯಿಂಗ್ ಮುಂತಾದ ಮುಕ್ತ ತಂತ್ರಾಂಶಗಳೂ ಲಭ್ಯವಿವೆ. ಇವುಗಳನ್ನು ಬಳಸಿದಾಗಲೂ ಸರಿಯಾದ ಅಳತೆ ಮತ್ತು ಪರೀಕ್ಷಾ ಉಡುಪಿನ ಅಗತ್ಯ ತಪ್ಪುವುದಿಲ್ಲ.